ದಾವಣಗೆರೆಯೋ, ಹೊಸಪೇಟೆಯೋ? ಶಾಲೆ ಬಿಟ್ಟ ಮೇಲಿನ ಮೂರೂವರೆ ತಾಸಿನ ಲೆಕ್ಕ

ಹರಪನಹಳ್ಳಿ ಇದ್ದಲ್ಲೇ ಇದೆ, ಜಿಲ್ಲೆ ಮಾತ್ರ ಬದಲಾಗುತ್ತ ಬಂದಿದೆ. 1997ರಲ್ಲಿ ತಾಲ್ಲೂಕನ್ನು ಬಳ್ಳಾರಿಯಿಂದ ಬಿಡಿಸಿ ಹೊಸದಾಗಿ ಹುಟ್ಟಿದ ದಾವಣಗೆರೆ ಜಿಲ್ಲೆಗೆ ಸೇರಿಸಿದರು. ಸಂವಿಧಾನದ 371ಜೆ ವಿಧಿ ಕಲ್ಯಾಣ ಕರ್ನಾಟಕಕ್ಕೆ ಕೊಡುವ ಸವಲತ್ತಿಗಾಗಿ ನಡೆದ ಹೋರಾಟದ ನಂತರ ಅದು ಮರಳಿ ಬಳ್ಳಾರಿಗೆ ಬಂತು. 2021ರಲ್ಲಿ ವಿಜಯನಗರ ಜಿಲ್ಲೆಯಾದಾಗ ಹಡಗಲಿ, ಹಗರಿಬೊಮ್ಮನಹಳ್ಳಿ, ಕೂಡ್ಲಿಗಿ, ಕೊಟ್ಟೂರುಗಳ ಜತೆಗೆ ಹೊಸಪೇಟೆಯ ಕಡೆ ಮುಖ ಮಾಡಿತು. ಹೀಗಾಗಿ ಇಲ್ಲಿನವರಿಗೆ ಎರಡು ದಾರಿ. ಡಿಸಿ ಆಫೀಸಿನ ಕೆಲಸಕ್ಕೆ ಹೊಸಪೇಟೆ, ಸುಮಾರು 100 ಕಿ.ಮೀ. ದೊಡ್ಡಾಸ್ಪತ್ರೆ, ಕಾಲೇಜು, ಮದುವೆ ಜವಳಿ ಅಂದರೆ ದಾವಣಗೆರೆ, ಅದರ ಅರ್ಧ ದೂರ.

ಗಂಡ ತೀರಿಕೊಂಡ ಮೇಲೆ ಈ ಅಂಕಣ ಬರೆಯುವಾಕೆಗೂ ಇದೇ ಎರಡು ಊರು ಎದುರಾದವು. ಮೂರನೇ ತರಗತಿಯ ಮಗಳು, ತಾಲ್ಲೂಕು ಕೇಂದ್ರದಲ್ಲಿ ಸಿಗುತ್ತಿದ್ದ ಸಣ್ಣ ಸಂಬಳ, ಕೈಯಲ್ಲಿ ಅಕೌಂಟ್ಸ್ ಕೆಲಸದ ಅನುಭವ. ಹೊಸಪೇಟೆ ಕಡೆಯ ಒಂದು ಕಂಪನಿಯವರು ಕೈಗೆ 26,000 ರೂಪಾಯಿ ಕೊಡುತ್ತೇವೆಂದರು. ದಾವಣಗೆರೆಯ ಒಂದು ಖಾಸಗಿ ಆಸ್ಪತ್ರೆಯ ಬಿಲ್ಲಿಂಗ್ ವಿಭಾಗದಲ್ಲಿ 21,000. ಬಂಧುಬಳಗದ ಲೆಕ್ಕ ಒಂದೇ ಸಾಲಿನಲ್ಲಿ ಮುಗಿಯಿತು: ತಿಂಗಳಿಗೆ ಐದು ಸಾವಿರ ಬಿಟ್ಟು ಬರುವವರು ಯಾರು?

ಅವಳು ನೋಟ್‌ಬುಕ್ಕಿನಲ್ಲಿ ಎರಡು ಕಾಲಂ ಎಳೆದಳು. ಬಾಡಿಗೆ ಹೊಸಪೇಟೆಯಲ್ಲಿ 7,500, ದಾವಣಗೆರೆಯ ನಿಟ್ಟುವಳ್ಳಿಯಲ್ಲಿ 6,500. ರೇಷನ್, ಹಾಲು, ಗ್ಯಾಸ್ ಎರಡೂ ಕಡೆ ಹೆಚ್ಚೂಕಡಿಮೆ ಅಷ್ಟೇ. ಊರಿಗೆ ಹೋಗಿಬರುವ ಬಸ್ ಖರ್ಚು ಎರಡರಲ್ಲೂ ಸೊನ್ನೆ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಹೆಂಗಸರಿಗೂ ಹೆಣ್ಣುಮಕ್ಕಳಿಗೂ ಸರ್ಕಾರಿ ಸಾಮಾನ್ಯ ಬಸ್ಸಿನಲ್ಲಿ ಟಿಕೆಟ್ ಇಲ್ಲ. ಅಲ್ಲಿಗೆ ಹೊಸಪೇಟೆಯ ಕಾಲಂ ನಾಲ್ಕು ಸಾವಿರ ಮುಂದೆ ನಿಂತಿತು.

ಆಮೇಲೆ ಇನ್ನೊಂದು ಸಾಲು ಬರೆಯಬೇಕಾಯಿತು. ಶಾಲೆ ಬಿಡುವುದು ಮೂರೂವರೆಗೆ. ಹೊಸಪೇಟೆಯ ಕೆಲಸ ಇದ್ದದ್ದು ತೋರಣಗಲ್ಲು ರಸ್ತೆಯಲ್ಲಿ, ಊರಿನಿಂದ ಹೊರಗೆ. ಆರಕ್ಕೆ ಬಿಟ್ಟರೆ ಬಸ್ ಹಿಡಿದು ಮನೆ ಸೇರುವಾಗ ಏಳು ದಾಟುತ್ತದೆ. ನಡುವಿನ ಮೂರೂವರೆ ತಾಸು ಎಂಟು ವರ್ಷದ ಹುಡುಗಿ ಎಲ್ಲಿರಬೇಕು? ಅವಳನ್ನು ಶಾಲೆಯಿಂದ ಕರೆತರಲು ವ್ಯಾನ್‌ನವನು 1,200 ಕೇಳಿದ. ಸಂಜೆ ಊಟ ಹಾಕಿ ಏಳರವರೆಗೆ ನೋಡಿಕೊಳ್ಳಲು ಅದೇ ಓಣಿಯ ಹೆಂಗಸೊಬ್ಬರು 3,500 ಹೇಳಿದರು, ನ್ಯಾಯವಾದ ಮಾತೇ. ಒಟ್ಟು 4,700. ಇಬ್ಬರೂ ದುಡಿಯುವ ಗಂಡಹೆಂಡತಿಯ ಮನೆಯಲ್ಲಿ ಈ ಖರ್ಚನ್ನು ಒಬ್ಬರು ಶಿಫ್ಟ್ ಬದಲಿಸಿ, ಒಬ್ಬರು ಬೇಗ ಬಂದು ಸರಿದೂಗಿಸುತ್ತಾರೆ. ಒಂಟಿ ತಾಯಿಯ ಅಥವಾ ತಂದೆಯ ಮನೆಯಲ್ಲಿ ಇದನ್ನು ದುಡ್ಡು ಕೊಟ್ಟೇ ಕೊಳ್ಳಬೇಕು. ಬಾಡಿಗೆಯ ನಂತರ ಅತಿ ದೊಡ್ಡ ಬಾಬತ್ತು ಇದೇ, ಆದರೂ ಊರು ಬದಲಿಸುವವರ ಪಟ್ಟಿಯಲ್ಲಿ ಇದು ಕಾಣಿಸುವುದು ಅಪರೂಪ.

ಲೆಕ್ಕ ಕೇಳಿಸಿಕೊಂಡ ಅವಳ ತಾಯಿ ಒಂದೇ ಮಾತು ಹೇಳಿದರು. “ಹೊಸಪೇಟಿಗೆ ಹೋದ್ರ ನಾ ಬರಾಕಾಗಲ್ಲವ್ವ, ಅಷ್ಟು ದೂರ ಕೂತ್ರ ಸೊಂಟ ಹಿಡೀತೈತಿ. ದಾವಣಗೇರಿ ಆದ್ರ ಸೋಮವಾರ ಮುಂಜಾನಿ ಬಸ್ಸಿಗೆ ಬರ್ತೀನಿ, ಶನಿವಾರ ಮಧ್ಯಾಹ್ನ ತಿರುಗ್ತೀನಿ. ಆಧಾರ್ ಕಾರ್ಡು ಕೈಯಾಗಿದ್ರ ಆತು.”

ಶಕ್ತಿ ಯೋಜನೆಯ ಬಗ್ಗೆ ಎಷ್ಟೋ ಚರ್ಚೆ ನಡೆದಿದೆ. ಹರಪನಹಳ್ಳಿ ಬಸ್ ಸ್ಟ್ಯಾಂಡಿನಲ್ಲಿ ಸೋಮವಾರ ಬೆಳಿಗ್ಗೆ ನಿಂತವರಿಗೆ ಅದರ ಒಂದು ಫಲ ಕಣ್ಣಿಗೇ ಬೀಳುತ್ತದೆ: ಬುತ್ತಿ ಚೀಲ, ರೊಟ್ಟಿ ಗಂಟು, ಮೊಮ್ಮಕ್ಕಳಿಗೆ ಶೇಂಗಾ ಉಂಡಿ ಹಿಡಿದು ದಾವಣಗೆರೆ ಬಸ್ ಹತ್ತುವ ಅಜ್ಜಿಯರು. ಮಗಳ ಮನೆಗೆ ವಾರಕ್ಕೊಮ್ಮೆ ಹೋಗಿಬರುವುದು ಟಿಕೆಟ್ ದುಡ್ಡಿನಿಂದ ನಿಲ್ಲುವುದಿಲ್ಲ ಎಂದಾದಾಗ ದೂರವೊಂದೇ ತಡೆ. 50 ಕಿ.ಮೀ. ಅರವತ್ತು ದಾಟಿದ ದೇಹ ತಾಳುತ್ತದೆ, 100 ಕಿ.ಮೀ. ತಾಳುವುದಿಲ್ಲ.

ಆದರೆ ತಾಯಿಯ ದುಡಿಮೆಯನ್ನು ಪುಕ್ಕಟೆ ಎಂದು ಬರೆದುಕೊಳ್ಳಲು ಅವಳಿಗೆ ಮನಸ್ಸು ಒಪ್ಪಲಿಲ್ಲ. ರಾಷ್ಟ್ರೀಯ ಸಾಂಖ್ಯಿಕ ಕಚೇರಿಯ 2019ರ ಸಮಯ ಬಳಕೆ ಸಮೀಕ್ಷೆಯ ಪ್ರಕಾರ, ಮನೆಗೆಲಸ ಮಾಡುವ ಹೆಂಗಸರು ದಿನಕ್ಕೆ ಸರಾಸರಿ 299 ನಿಮಿಷ ಕೂಲಿಯಿಲ್ಲದ ಆ ಕೆಲಸಕ್ಕೆ ಕೊಡುತ್ತಿದ್ದರು; ಗಂಡಸರು 97 ನಿಮಿಷ. ಐದು ತಾಸಿನ ಆ ದುಡಿಮೆ ಯಾವ ಪಾಸ್‌ಬುಕ್ಕಿನಲ್ಲೂ ಬರುವುದಿಲ್ಲ. ಹಾಗಾಗಿ ದಾವಣಗೆರೆಯ ಕಾಲಂನಲ್ಲಿ ತಾಯಿಯ ಊಟ, ಬಿಪಿ ಮಾತ್ರೆಗೆಂದು 1,500, ಅವರ ಹೆಸರಿನಲ್ಲೇ ಪೋಸ್ಟ್ ಆಫೀಸಿನ ಆರ್‌ಡಿಗೆ 1,000 ಸೇರಿಸಿದಳು. ಶಾಲೆಯ ಆಟೋಗೆ 800.

ಈಗ ಕೂಡಿ ಕಳೆದರೆ ಹೊಸಪೇಟೆಯಲ್ಲಿ ಉಳಿಯುವುದು 13,800, ದಾವಣಗೆರೆಯಲ್ಲಿ 11,200. ದಾವಣಗೆರೆ ಇನ್ನೂ 2,600 ಹಿಂದೆ.

ಆದರೂ ಅವಳು ಆರಿಸಿಕೊಂಡದ್ದು ದಾವಣಗೆರೆಯನ್ನೇ. ಹೊಸಪೇಟೆಯ ಲೆಕ್ಕ ಮಗುವನ್ನು ನೋಡಿಕೊಳ್ಳುವ ಒಬ್ಬ ಹೆಂಗಸಿನ ಮೇಲೆ ನಿಂತಿತ್ತು. ಆಕೆ ಜಾತ್ರೆಗೆ ಹೋದರೆ, ಆಕೆಯ ಮಗುವಿಗೆ ಜ್ವರ ಬಂದರೆ ಇವಳು ರಜೆ ಹಾಕಬೇಕು. ಹೊಸ ಕೆಲಸದಲ್ಲಿ ಸಂಬಳದ ರಜೆ ಮೊದಲ ವರ್ಷ ಕೈಬೆರಳೆಣಿಕೆಯಷ್ಟೂ ಇರುವುದಿಲ್ಲ. ತಿಂಗಳಿಗೆ 26 ದಿನದ ಲೆಕ್ಕದಲ್ಲಿ ಒಂದು ರಜೆಗೆ 1,000 ಕಟ್. ಮಗುವಿನ ಮೂರು ದಿನದ ಜ್ವರಕ್ಕೆ ಆ 2,600 ಕರಗಿ ಹೋಗುತ್ತದೆ. ನಾಲ್ಕನೇ ರಜೆ ಕೇಳುವಾಗ ಕೆಲಸದ ಮೇಲೇ ಕಣ್ಣು ಬೀಳುತ್ತದೆ. ಒಂದೇ ಸಂಬಳದ ಮನೆಯಲ್ಲಿ ಆ ಸಂಬಳ ನಿಂತುಹೋಗದಂತೆ ಕಾಯುವುದಕ್ಕೆ ಬೆಲೆ ಕಟ್ಟಬೇಕಾದರೆ ತಿಂಗಳಿಗೆ 2,600 ದುಬಾರಿಯಲ್ಲ ಎಂಬುದು ಅವಳ ತೀರ್ಮಾನ.

ಹರಪನಹಳ್ಳಿಯಲ್ಲಿ ಅಜ್ಜಿ ಇಲ್ಲದವರಿಗೆ? ತವರು ಕೊಟ್ಟೂರು ಅಥವಾ ಹಗರಿಬೊಮ್ಮನಹಳ್ಳಿಯಾದರೆ ಇದೇ ಲೆಕ್ಕ ಹೊಸಪೇಟೆಯ ಕಡೆ ವಾಲುತ್ತದೆ. ಹೊಸಪೇಟೆ–ಹರಿಹರ ಪ್ಯಾಸೆಂಜರ್ ರೈಲು ಕೂಡ ಕೊಟ್ಟೂರಿನ ಮೇಲೇ ಹಾದುಹೋಗುತ್ತದೆ. ಹತ್ತಿರದವರು ಯಾರೂ ಇಲ್ಲದಿದ್ದರೆ ಆಫೀಸಿಗೂ ಶಾಲೆಗೂ ನಡೆದು ಹೋಗುವಷ್ಟು ಹತ್ತಿರದ ಮನೆಗೆ ಸಾವಿರ ರೂಪಾಯಿ ಹೆಚ್ಚು ಬಾಡಿಗೆ ಕೊಡುವುದೇ ಉಳಿತಾಯ.

ಮನೆ ಹುಡುಕುವಾಗ ಪ್ರತಿ ಬಾಗಿಲಲ್ಲೂ ಮೊದಲ ಪ್ರಶ್ನೆ “ಯಜಮಾನ್ರು ಏನ್ ಮಾಡ್ತಾರೆ?” ಉತ್ತರ ಕೇಳಿ ಒಬ್ಬರು “ಮಗ ಬರ್ತಾನಂತೆ, ಮನೆ ಖಾಲಿ ಇಲ್ಲ” ಎಂದರು, ಗೇಟಿಗೆ ಟು-ಲೆಟ್ ಬೋರ್ಡ್ ಇನ್ನೂ ತೂಗುತ್ತಿತ್ತು. ಮತ್ತೊಬ್ಬರು ಅಡ್ವಾನ್ಸ್ ಏರಿಸಿದರು. ಒಂಟಿ ಹೆಂಗಸಿಗೆ ಮನೆ ಕೊಡಲು ಹಿಂಜರಿಯುವುದು ಅನ್ಯಾಯ, ಆ ಅನ್ಯಾಯಕ್ಕೆ ರೂಪಾಯಿಯಲ್ಲೂ ಬೆಲೆಯಿದೆ. ಹಾಗಾಗಿ ಊರು ಬದಲಿಸುವ ಮುನ್ನ ಬೇಕೆಂದು ಅಂದಾಜಿಸಿದ ಅಡ್ವಾನ್ಸಿಗಿಂತ ಒಂದೆರಡು ತಿಂಗಳ ಬಾಡಿಗೆಯಷ್ಟು ಹೆಚ್ಚು ಎತ್ತಿಟ್ಟುಕೊಳ್ಳಬೇಕು. ಸಿಕ್ಕ ಮನೆಯ ಹಳೆಯ ಕರೆಂಟ್ ಬಿಲ್ಲನ್ನೂ ಕೇಳಿ ನೋಡಬೇಕು. ಗೃಹಜ್ಯೋತಿಯಲ್ಲಿ ಎಲ್ಲರಿಗೂ 200 ಯೂನಿಟ್ ಕರೆಂಟ್ ಪುಕ್ಕಟೆ ಸಿಗುವುದಿಲ್ಲ. ಆ ಮೀಟರಿನ ಹಿಂದಿನ ಸರಾಸರಿಯ ಮೇಲೆ ಶೇ 10 ಅಷ್ಟೇ; ಸರಾಸರಿ 48 ಯೂನಿಟ್‌ಗಿಂತ ಕಡಿಮೆಯಿದ್ದರೆ 10 ಯೂನಿಟ್. ಹಿಂದಿನ ದಾಖಲೆಯಿಲ್ಲದ ಹೊಸ ಮನೆಗೆ 53 ಯೂನಿಟ್ ಮತ್ತು ಅದರ ಶೇ 10. ಬಾಡಿಗೆ ಕರಾರು ಬಾಯಿಮಾತಿನಲ್ಲಿ ಬೇಡ. 11 ತಿಂಗಳಿನ ಕಾಗದ ಗೃಹಜ್ಯೋತಿ ನೋಂದಣಿಗೂ ವಿಳಾಸದ ಪುರಾವೆಗೂ ಒದಗುತ್ತದೆ.

ರೇಷನ್ ಕಾರ್ಡಿನ ವಿಷಯದಲ್ಲಿ ಅವಳು ಹಟ ಹಿಡಿದಳು. ಹೇಗೂ ಒಟ್ಟಿಗೆ ಇರುತ್ತೀರಿ, ಹೆಸರನ್ನು ತಾಯಿಯ ಕಾರ್ಡಿಗೆ ಸೇರಿಸಿಬಿಡು ಎಂದವರಿದ್ದರು. ಗೃಹಲಕ್ಷ್ಮಿಯ 2,000 ಹೋಗುವುದು ಕಾರ್ಡಿನಲ್ಲಿ ಯಜಮಾನಿ ಎಂದು ಬರೆದಿರುವ ಒಬ್ಬ ಹೆಂಗಸಿಗೆ. ಎರಡು ಕಾರ್ಡು ಒಂದಾದರೆ ಒಬ್ಬರ ಹಣ ನಿಲ್ಲುತ್ತದೆ. ತನ್ನ ಕಾರ್ಡನ್ನು ಬೇರೆಯಾಗಿಯೇ ಉಳಿಸಿಕೊಂಡಳು. ಜಮೆಯಾಗುವ ತಾರೀಖು ಹಿಂದುಮುಂದಾಗುವುದರಿಂದ ಅದನ್ನು ಬಾಡಿಗೆಗೆ ನೆಚ್ಚಿಕೊಂಡಿಲ್ಲ, ಬಂದದ್ದು ಬಂದ ಹಾಗೆ ಮಗಳ ಸುಕನ್ಯಾ ಸಮೃದ್ಧಿ ಖಾತೆಗೆ ಹೋಗುತ್ತದೆ. ಆ ಖಾತೆಯನ್ನು ಹರಪನಹಳ್ಳಿ ಅಂಚೆ ಕಚೇರಿಯಿಂದ ದಾವಣಗೆರೆಗೆ ವರ್ಗ ಮಾಡಿಸಬಹುದು. ಗಂಡನ ಪಿಎಫ್‌ನಿಂದ ಬರುವ ವಿಧವಾ ಪಿಂಚಣಿ ಮತ್ತು ಮಗುವಿನ ಪಿಂಚಣಿಗೆ ಆ ಓಡಾಟವೂ ಇಲ್ಲ. 2025ರ ಜನವರಿಯಿಂದ ಇಪಿಎಫ್‌ಒ ಪಿಂಚಣಿ ದೇಶದ ಯಾವ ಬ್ಯಾಂಕಿನ ಯಾವ ಶಾಖೆಗಾದರೂ ಬರುತ್ತದೆ.

ಶಾಲೆ? ಖಾಸಗಿ ಶಾಲೆಯ ಆರ್‌ಟಿಇ ಸೀಟನ್ನು ನಂಬಿ ಬಜೆಟ್ ಮಾಡುವಂತಿಲ್ಲ. 2019ರಲ್ಲಿ ನಿಯಮ ಬದಲಾದ ಮೇಲೆ ನೆರೆಹೊರೆಯಲ್ಲಿ ಸರ್ಕಾರಿ ಅಥವಾ ಅನುದಾನಿತ ಶಾಲೆಯಿದ್ದರೆ ಆ ಸೀಟಿಲ್ಲ; ಇದ್ದರೂ ಅದು ಪ್ರವೇಶದ ತರಗತಿಗೆ ಮಾತ್ರ. ಅವಳು ಅನುದಾನಿತ ಶಾಲೆಗೆ ಸೇರಿಸಿದಳು.

ಬಂಧುಗಳ ಕೊನೆಯ ಅಂಜಿಕೆ 371ಜೆಯದು. ಎಷ್ಟು ಹೋರಾಡಿ ತಂದುಕೊಂಡ ಮೀಸಲಾತಿ, ದಾವಣಗೆರೆಗೆ ಹೋದರೆ ಮಗಳು ಕಳೆದುಕೊಳ್ಳುತ್ತಾಳಲ್ಲ ಎಂದು. ಆದರೆ ಆ ಅರ್ಹತೆಗೆ ಇರುವ ದಾರಿಗಳಲ್ಲಿ ಕಲ್ಯಾಣ ಕರ್ನಾಟಕ ಭಾಗದಲ್ಲಿ ಹುಟ್ಟಿರುವುದೂ ಒಂದು. ಮಗಳು ಹುಟ್ಟಿದ್ದು ಹರಪನಹಳ್ಳಿಯಲ್ಲೇ. ಜನನ ಪತ್ರ, ಮೊದಲ ಮೂರು ತರಗತಿಗಳ ವ್ಯಾಸಂಗ ಪತ್ರ ಇಟ್ಟು ಉಪವಿಭಾಗಾಧಿಕಾರಿ ಕಚೇರಿಗೆ ಅರ್ಜಿ ಹಾಕಿ, ಮನೆ ಸಾಮಾನು ಕಟ್ಟುವ ಮೊದಲೇ ಪ್ರಮಾಣ ಪತ್ರ ಮಾಡಿಸಿಕೊಂಡಳು. ಊರು ಬಿಟ್ಟ ಮೇಲೆ ಈ ಕಾಗದಕ್ಕೆ ರಜೆ ಹಾಕಿ ಬರಬೇಕಾಗುತ್ತದೆ.

ತಾಯಿಗೆ ಈಗ ಅರವತ್ತಮೂರು. ಈ ಏರ್ಪಾಡು ಎಷ್ಟು ವರ್ಷ ನಡೆದೀತೆಂದು ಇಬ್ಬರೂ ಕೂತು ಮಾತಾಡಿದ್ದಾರೆ. ಸಂಬಳ ಏರಿದಾಗ ಸಿಕ್ಕ 1,500 ಪ್ರತಿ ತಿಂಗಳೂ ಬೇರೆ ಖಾತೆಗೆ ಹೋಗುತ್ತಿದೆ. ಅಜ್ಜಿಗೆ ಬಸ್ ಹತ್ತಲಾಗದ ದಿನ ಬಂದರೆ, ಓಣಿಯ ಟ್ಯೂಷನ್ ಟೀಚರ್ ಸಂಜೆ ಆರೂವರೆಯವರೆಗೆ ಮಗುವನ್ನು ಇಟ್ಟುಕೊಳ್ಳಲು ಈಗಲೇ ಒಪ್ಪಿದ್ದಾರೆ, ದರವೂ ಮಾತಾಗಿದೆ.