ಸಗಣಿ ಗಟ್ಟಿಯಾದರೆ ಭೇದಿ ಉಪ್ಪೋ, ಪ್ಯಾರಾಫಿನ್ನೋ?

ಹಸು ಸಗಣಿ ಹಾಕಲು ತಿಣುಕಿದರೆ ಭೇದಿ ಉಪ್ಪು ಕುಡಿಸುವುದು ರೂಢಿ. ಮೆಗ್ನೀಸಿಯಂ ಸಲ್ಫೇಟ್ ಎಂಬ ಈ ಉಪ್ಪು ರಕ್ತಕ್ಕೆ ಹೆಚ್ಚು ಸೇರದೆ ಕರುಳಲ್ಲೇ ಉಳಿದು, ಮೈಯೊಳಗಿನ ನೀರನ್ನು ಅಲ್ಲಿಗೆ ಸೆಳೆಯುತ್ತದೆ. ಸಗಣಿ ನೆನೆದು ಸಡಿಲವಾಗುತ್ತದೆ. ಹಾಗಾಗಿಯೇ ಕಣ್ಣು ಗುಳಿಬಿದ್ದ, ನೀರು ಮುಟ್ಟದ ಹಸುವಿಗೆ ಇದು ಅಪಾಯ. ಮೈಯಲ್ಲಿ ಉಳಿದ ನೀರೂ ಕರುಳಿಗೆ ಹೋಗುತ್ತದೆ.

ಲಿಕ್ವಿಡ್ ಪ್ಯಾರಾಫಿನ್ ಹಾಗಲ್ಲ, ಸಗಣಿಗೆ ಜಿಡ್ಡು ಸವರಿ ಜಾರಿಸುತ್ತದೆ. ಸೌಮ್ಯವೇನೋ ಹೌದು. ಆದರೆ ರುಚಿಯಿಲ್ಲದ ಈ ಎಣ್ಣೆ ಗಂಟಲಿಗೆ ಇಳಿದದ್ದು ಹಸುವಿಗೆ ತಿಳಿಯುವುದೇ ಕಷ್ಟ. ಗೊಟ್ಟದಲ್ಲಿ ಸುರಿದರೆ ಕೆಮ್ಮೂ ಬಾರದೆ ಶ್ವಾಸಕೋಶ ಸೇರಿ ನ್ಯುಮೋನಿಯಾ ಆಗಬಹುದು. ಪಶುವೈದ್ಯರು ಕೊಳವೆಯಿಂದ ನೇರ ಹೊಟ್ಟೆಗೆ ಬಿಡುವುದು ಇದಕ್ಕೇ.

ಸಗಣಿ ಪೂರ್ತಿ ನಿಂತು ಹೊಟ್ಟೆ ಉಬ್ಬಿದ್ದರೆ ಎರಡನ್ನೂ ಕುಡಿಸದೆ ಕೂಡಲೇ ವೈದ್ಯರನ್ನು ಕರೆಸಿ.