ಕೂಸು ಯಾಕ ಕೂಡವಲ್ಲದು?

ಅಣ್ಣಿಗೇರಿಯಿಂದ ಹುಬ್ಬಳ್ಳಿ ಸುಮಾರು 35 ಕಿಲೋಮೀಟರ್. ದವಾಖಾನಿಗೆ, ಲಗ್ನದ ಅರಿವೆ ತರಾಕ ಹೋಗುತ್ತೇವೆ. ಎರಡು ವರ್ಷದ ಕೂಸು ಬಗಲಲ್ಲಿ ಇರುತ್ತದೆ. ಮನೆಯಲ್ಲಿ "ಅವ್ವಾ, ಎರಡಕ್ಕ" ಎಂದು ಜಾಣತನದಿಂದ ಹೇಳುವ ಕೂಸು, ಬಸ್ ನಿಲ್ದಾಣದ ಪಾಯಖಾನೆ ಬಾಗಿಲಲ್ಲೇ ಅಳುತ್ತದೆ. ನಾವು ಹಟ ಅನ್ನುತ್ತೇವೆ. ಒಂದು ಏಟೂ ಹಾಕುತ್ತೇವೆ.

ಅದು ಹಟ ಅಲ್ಲ, ಅಂಜಿಕೆ. ಕೂಸಿನ ಎತ್ತರಕ್ಕೆ ಬಗ್ಗಿ ನೋಡಿರಿ. ಒಳಗೆ ಕತ್ತಲೆ. ನೆಲ ಒದ್ದೆ. ದೊಡ್ಡವರಿಗೆ ಕಟ್ಟಿದ ಕುಣಿ ಅದಕ್ಕೆ ಬಾವಿಯಂತೆ ಕಾಣುತ್ತದೆ. ಬಿದ್ದರೆ?

ಅಂಜಿದ ಕೂಸು ತಡೆದು ಹಿಡಿಯುತ್ತದೆ. ತಡೆದ ಮಲ ಗಟ್ಟಿಯಾಗುತ್ತದೆ. ಮುಂದೆ ಹೋಗುವಾಗ ನೋವು. ಆ ನೋವಿಗೆ ಅಂಜಿ ಮತ್ತೂ ತಡೆಯುತ್ತದೆ.

ಮೊದಲು ನೀವು ಒಳಗೆ ಹೋಗಿ ನೀರು ಹಾಕಿರಿ. ಆಮೇಲೆ ಕೂಸನ್ನು ಕರೆಯಿರಿ. ಎರಡೂ ತೊಡೆ ಹಿಡಿದು ಎತ್ತಿರಿ. ಅದರ ಬೆನ್ನು ನಿಮ್ಮ ಎದೆಗೆ ತಾಗಿರಲಿ. "ನಾ ಹಿಡದೇನಿ, ಬೀಳೂದಿಲ್ಲ" ಅನ್ನಿರಿ. ಚೀಲದಲ್ಲಿ ಒಂದು ಚಡ್ಡಿ, ಬಾಟಲಿ ನೀರು, ಸಾಬೂನಿನ ತುಂಡು ಇರಲಿ. ಕೂಸಿನ ಕೈ, ನಿಮ್ಮ ಕೈ ಎರಡನ್ನೂ ತೊಳೆಯಿರಿ.

ಕೆಲವರು ಗಟಾರದ ದಂಡೆಗೆ ಕೂಡಿಸುತ್ತಾರೆ. "ಕೂಸಿಂದು, ಏನಾಗತೈತಿ?" ಅನ್ನುತ್ತಾರೆ. ಕೂಸಿನ ಮಲದಲ್ಲೂ ವಾಂತಿ-ಭೇದಿಯ ರೋಗಾಣು ಇರುತ್ತವೆ. ನೊಣ ಅದನ್ನು ತಿನ್ನುವ ಬಜಿಗೆ ಮುಟ್ಟಿಸುತ್ತದೆ.

ಇನ್ನೊಂದು ಮಾತು. ದಾರಿಯಲ್ಲಿ ತೊಂದರೆ ಬೇಡ ಎಂದು ಕೂಸಿಗೆ ನೀರು ಕುಡಿಸದೆ ಇರಬೇಡಿರಿ. (ನಾವು ಹೆಂಗಸರು ಹಾಗೇ ಮಾಡುತ್ತೇವೆ, ಅದೂ ತಪ್ಪೇ.) ಬಸ್ಸಿನಲ್ಲಿ ಅವಸರವಾದರೆ ನಾಚದೆ ಕಂಡಕ್ಟರಿಗೆ ಹೇಳಿರಿ.