ಸೆಪ್ಟೆಂಬರ್ 17ರಂದು ಯಾರನ್ನು ನೆನೆಯೋಣ?

ಆಗಸ್ಟ್ 15ರಂದು ನಮಗೆ ಎರಡು ಹಬ್ಬ. ಸ್ವರ್ಗಸ್ವೀಕೃತ ಮಾತೆಯ ಬಲಿಪೂಜೆ, ಜೊತೆಗೆ ಧ್ವಜಾರೋಹಣ. ಆದರೆ ಬ್ರಹ್ಮಪುರದ ಮಕ್ಕಳು ಒಂದು ತಿಂಗಳು ಕಳೆದ ಮೇಲೆ ಮತ್ತೆ ಧ್ವಜಕ್ಕೆ ವಂದಿಸುತ್ತಾರೆ. "ಸ್ವಾತಂತ್ರ್ಯ ಎರಡು ಸಲ ಬಂತೇನಪ್ಪ?" ಎಂದು ಮಗು ಕೇಳಿದರೆ ಏನು ಹೇಳುತ್ತೀರಿ?

1947ರ ಆಗಸ್ಟ್‌ನಲ್ಲಿ ದೇಶ ಸ್ವತಂತ್ರವಾದಾಗ ನಮ್ಮ ಕಲಬುರಗಿ ಹೈದರಾಬಾದಿನ ನಿಜಾಮ ಮೀರ್ ಉಸ್ಮಾನ್ ಅಲಿ ಖಾನರ ಆಳ್ವಿಕೆಯಲ್ಲಿತ್ತು. ಭಾರತಕ್ಕೆ ಸೇರಲು ಅವರು ಒಪ್ಪಲಿಲ್ಲ. ಸ್ವಾಮಿ ರಾಮಾನಂದ ತೀರ್ಥರ ಮುಂದಾಳತ್ವದಲ್ಲಿ ಜನ ಹೋರಾಡಿ ಜೈಲು ಸೇರಿದರು. ಖಾಸಿಂ ರಜವಿಯ ರಜಾಕಾರರು ಹಳ್ಳಿಗಳ ಮೇಲೆ ಬಿದ್ದರು. 1948ರ ಮೇ ತಿಂಗಳಲ್ಲಿ ಬೀದರ್ ಜಿಲ್ಲೆಯ ಗೋರ್ಟಾದಲ್ಲಿ ನಡೆದ ಕಗ್ಗೊಲೆಯನ್ನು ಆ ಕಡೆಯವರು ಇಂದಿಗೂ ಮರೆತಿಲ್ಲ. ಆ ವರ್ಷ ಸೆಪ್ಟೆಂಬರ್ 13ರಂದು ಭಾರತದ ಸೈನ್ಯ ಒಳಬಂತು. 17ರಂದು ನಿಜಾಮರು ಶರಣಾದರು. ಅದು ನಮ್ಮ ವಿಮೋಚನಾ ದಿನ. 2019ರಿಂದ ಸರ್ಕಾರ ಅದನ್ನು ಕಲ್ಯಾಣ ಕರ್ನಾಟಕ ಉತ್ಸವ ಎಂದು ಕರೆದಿದೆ.

ಭಾಷಣಗಳು ಸಾಮಾನ್ಯವಾಗಿ ಇಲ್ಲಿಗೆ ಮುಗಿಯುತ್ತವೆ. ಕ್ರೈಸ್ತರಾದ ನಾವು ಇಲ್ಲಿಗೇ ನಿಲ್ಲಿಸಬಹುದೇ?

ಧರ್ಮೋಪದೇಶಕಾಂಡ 24ನೇ ಅಧ್ಯಾಯದ 17 ಮತ್ತು 18ನೇ ವಚನಗಳನ್ನು ಮನೆಯಲ್ಲಿ ಒಮ್ಮೆ ಓದಿರಿ. ಈಜಿಪ್ಟಿನಲ್ಲಿ ದಾಸರಾಗಿದ್ದುದನ್ನೂ ದೇವರು ಬಿಡಿಸಿದ್ದನ್ನೂ ನೆನಪಿಡಬೇಕೆಂದು ಮೋಶೆ ಹೇಳುತ್ತಾನೆ. ಯಾಕೆ? ಪರದೇಶಿಗೂ ತಬ್ಬಲಿಗೂ ನ್ಯಾಯ ತಪ್ಪಿಸಬಾರದು, ವಿಧವೆಯ ಉಡುಪನ್ನು ಒತ್ತೆ ಇಟ್ಟುಕೊಳ್ಳಬಾರದು ಎಂಬುದಕ್ಕೆ. ಬಿಡುಗಡೆಯ ನೆನಪು ಅಲ್ಲಿ ಹೆಮ್ಮೆಗಲ್ಲ, ಪಕ್ಕದವನ ಸಲುವಾಗಿ.

ನಿಜಾಮರು ಶರಣಾದ ಮೇಲೂ ನಮ್ಮ ನೆಲದಲ್ಲಿ ರಕ್ತ ಹರಿಯಿತು. ಈ ಸಲ ಹೆಚ್ಚಾಗಿ ಸತ್ತವರು ಮುಸ್ಲಿಮರು. ಪ್ರಧಾನಿ ನೆಹರೂ ಕಳುಹಿಸಿದ ಪಂಡಿತ ಸುಂದರಲಾಲರ ಸಮಿತಿ 1948ರ ನವೆಂಬರ್-ಡಿಸೆಂಬರ್‌ನಲ್ಲಿ ಊರೂರು ತಿರುಗಿತು. ಸಂಸ್ಥಾನದಲ್ಲಿ ಕಡಿಮೆಯೆಂದರೂ 27 ಸಾವಿರದಿಂದ 40 ಸಾವಿರ ಜನ ಪ್ರಾಣ ಕಳೆದುಕೊಂಡರೆಂದು ಅದು ಅಂದಾಜು ಮಾಡಿತು. ಹೆಚ್ಚು ಹಾನಿಯಾದ ನಾಲ್ಕು ಜಿಲ್ಲೆಗಳಲ್ಲಿ ನಮ್ಮದೂ ಒಂದು. ಆ ವರದಿ ಬಹುಕಾಲ ಜನರ ಕೈಗೆ ಸಿಗಲಿಲ್ಲ. ಇದನ್ನು ಬರೆಯುವುದು ಸುಲಭವಲ್ಲ, ರಜಾಕಾರರಿಂದ ನೊಂದ ಮನೆಗಳು ಇಲ್ಲಿ ಇನ್ನೂ ಇವೆ. ಆದರೆ ಒಬ್ಬರ ಕಣ್ಣೀರು ಇನ್ನೊಬ್ಬರ ಕಣ್ಣೀರನ್ನು ಅಳಿಸುವುದಿಲ್ಲ.

ಅದೇ ವರದಿಯಲ್ಲಿ ಇನ್ನೊಂದು ಮಾತಿದೆ. ಹಿಂದೂ ನೇಕಾರರು ತಮ್ಮ ಕಸುಬಿನ ಮುಸ್ಲಿಂ ನೇಕಾರರನ್ನು ಕಾಪಾಡಲು ಎದುರು ನಿಂತರು, ಕೆಲವರು ಪ್ರಾಣವನ್ನೇ ಕೊಟ್ಟರು. ಅದಕ್ಕೂ ಮೊದಲು, ಆ ಆಗಸ್ಟ್‌ನಲ್ಲಿ, ಹೈದರಾಬಾದು ಭಾರತಕ್ಕೆ ಸೇರಲೆಂದು ಬರೆದುದಕ್ಕಾಗಿ 'ಇಮ್ರೋಜ್' ಪತ್ರಿಕೆಯ ಸಂಪಾದಕ ಶೋಯಬುಲ್ಲಾ ಖಾನರನ್ನು ಕೊಂದಿದ್ದರು. ಸ್ನೇಹಿತರಿಗಾಗಿ ಪ್ರಾಣ ಕೊಡುವುದನ್ನು ಕುರಿತು ಯೇಸುಸ್ವಾಮಿ ಹೇಳಿದ್ದನ್ನು (ಯೊವಾನ್ನ 15:13) ಓದುವಾಗ ಇವರೂ ನೆನಪಿಗೆ ಬರಬೇಕು.

ಸೈನ್ಯ ನಡೆದ ಆ ಐದು ದಿನಗಳಲ್ಲಿ 14 ಪವಿತ್ರ ಶಿಲುಬೆಯ ಹಬ್ಬ, 15 ವ್ಯಾಕುಲ ಮಾತೆಯ ಹಬ್ಬ. ಮಗನ ಶವವನ್ನು ಮಡಿಲಲ್ಲಿಟ್ಟುಕೊಂಡ ತಾಯಿಯ ಮುಂದೆ ಗೋರ್ಟಾದ ತಾಯಂದಿರನ್ನೂ, ಆಮೇಲೆ ಗಂಡಂದಿರನ್ನು ಕಳೆದುಕೊಂಡ ಮುಸ್ಲಿಂ ಹೆಂಗಸರನ್ನೂ ಒಟ್ಟಿಗೆ ನಿಲ್ಲಿಸಬಹುದು.

ಸೆಪ್ಟೆಂಬರ್ 17ರ ಸಂಜೆ ಜಪಸರದ ಒಂದು ರಹಸ್ಯವನ್ನು ಅವರೆಲ್ಲರಿಗಾಗಿ ಹೇಳಿರಿ. ಮನೆಯಲ್ಲಿ ಅಜ್ಜ ಅಜ್ಜಿ ಇದ್ದರೆ, ಆ ದಿನಗಳ ಬಗ್ಗೆ ಅವರ ಹಿರಿಯರು ಏನು ಹೇಳುತ್ತಿದ್ದರೆಂದು ಮಕ್ಕಳೇ ಕೇಳಲಿ. ಯಾರು ಯಾರನ್ನು ಮನೆಯೊಳಗೆ ಬಚ್ಚಿಟ್ಟರು ಎಂಬುದನ್ನು ಮೊದಲು ಕೇಳಲಿ.